ಆಸ್ಟ್ರೇಲಿಯನ್ ಅಂದರೆ ಯಾರು? ಜನವರಿ 26ರ ಹಿಂದಿರುವ ಹಳೆಯ ಪ್ರಶ್ನೆ

2025ರ ಆಗಸ್ಟ್ 31, ಭಾನುವಾರ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್, ಅಡಿಲೇಡ್ ಸೇರಿ ಆಸ್ಟ್ರೇಲಿಯಾದ ಹಲವು ನಗರಗಳಲ್ಲಿ ವಲಸೆ ವಿರೋಧಿಸಿ ಮೆರವಣಿಗೆ ನಡೆಯಿತು. 'ಮಾರ್ಚ್ ಫಾರ್ ಆಸ್ಟ್ರೇಲಿಯಾ' ಎಂಬ ಆ ಮೆರವಣಿಗೆಯ ಕರಪತ್ರದಲ್ಲಿ ಭಾರತೀಯರ ಹೆಸರೆತ್ತಿ ಬೊಟ್ಟು ಮಾಡಿದ್ದರು. ಅಲ್ಲಿನ ಸರ್ಕಾರ ಅದನ್ನು ಖಂಡಿಸಿತು. ಆದರೂ ಮಗನೋ ಮಗಳೋ ಮೆಲ್ಬರ್ನಿನಲ್ಲಿರುವ ಮನೆಗಳಲ್ಲಿ ಆತಂಕ ಹುಟ್ಟದೇ ಇರುತ್ತದೆಯೇ? ಓದಲು ಹೋದವರು, ಕೆಲಸಕ್ಕೆ ಹೋದವರು, ಅಲ್ಲೇ ಮನೆ ಕೊಂಡವರು ಈಗ ನಮ್ಮ ಊರುಗಳಲ್ಲೂ ಬೇಕಾದಷ್ಟು ಜನ ಸಿಗುತ್ತಾರೆ.

ಆ ಮೆರವಣಿಗೆಯ ಹಿಂದಿರುವ ಪ್ರಶ್ನೆ ತೀರಾ ಹಳೆಯದು. ಆಸ್ಟ್ರೇಲಿಯನ್ ಅಂದರೆ ಯಾರು? ಪ್ರತಿ ವರ್ಷ ಜನವರಿ 26 ಬಂದಾಗ ಈ ಪ್ರಶ್ನೆ ಅಲ್ಲಿ ಮತ್ತೆ ಏಳುತ್ತದೆ. ಅದನ್ನು ಅರ್ಥ ಮಾಡಿಕೊಳ್ಳೋಕೆ ಕಾಂಗರೂ, ಕ್ರಿಕೆಟ್, ಸಿಡ್ನಿಯ ಒಪೇರಾ ಹೌಸ್ ಇಷ್ಟೇ ಗೊತ್ತಿದ್ದರೆ ಸಾಲದು. ಸ್ವಲ್ಪ ಹಿಂದಕ್ಕೆ ಹೋಗಬೇಕು.

ಜನವರಿ 26ರಂದು ನಡೆದದ್ದೇನು?

ನಮಗೆ ಜನವರಿ 26 ಗಣರಾಜ್ಯೋತ್ಸವ. ಅದೇ ದಿನ ಅಲ್ಲಿ 'ಆಸ್ಟ್ರೇಲಿಯಾ ಡೇ'. ಎರಡೂ ಒಂದೇ ದಿನ ಬರುವುದು ಕಾಕತಾಳೀಯ. ನಮ್ಮ ತಾರೀಖಿನ ಹಿಂದೆ ಇರುವುದು 1930ರ ಪೂರ್ಣ ಸ್ವರಾಜ್ಯದ ಘೋಷಣೆ, 1950ರ ಸಂವಿಧಾನ. ಅವರ ತಾರೀಖಿನ ಹಿಂದೆ ಇರುವುದು ಬ್ರಿಟನ್ನಿನಿಂದ ಕೈದಿಗಳನ್ನು ತುಂಬಿಕೊಂಡು ಬಂದ ಹಡಗುಗಳು.

18ನೇ ಶತಮಾನದ ಕೊನೆಯಲ್ಲಿ ಬ್ರಿಟನ್ನಿನ ಜೈಲುಗಳು ತುಂಬಿ ತುಳುಕುತ್ತಿದ್ದವು. ಮೊದಲೆಲ್ಲ ಕೈದಿಗಳನ್ನು ಅಮೆರಿಕಕ್ಕೆ ಸಾಗಿಸುತ್ತಿದ್ದರು. ಅಮೆರಿಕ ಸ್ವತಂತ್ರವಾದ ಮೇಲೆ ಆ ದಾರಿ ಮುಚ್ಚಿತು. 1770ರಲ್ಲಿ ಜೇಮ್ಸ್ ಕುಕ್ ಆಸ್ಟ್ರೇಲಿಯಾದ ಪೂರ್ವ ಕರಾವಳಿಯನ್ನು ಬ್ರಿಟಿಷ್ ರಾಜನ ಹೆಸರಿಗೆ ಬರೆದುಕೊಂಡಿದ್ದರು. ಸರ್ಕಾರದ ಕಣ್ಣು ಅಲ್ಲಿಗೆ ಬಿತ್ತು. 1787ರ ಮೇ ತಿಂಗಳಲ್ಲಿ 11 ಹಡಗುಗಳು ಪೋರ್ಟ್ಸ್‌ಮತ್ ಬಂದರಿನಿಂದ ಹೊರಟವು. ಅದರಲ್ಲಿ 700ಕ್ಕೂ ಹೆಚ್ಚು ಕೈದಿಗಳಿದ್ದರು. ನಾಯಕ ಕ್ಯಾಪ್ಟನ್ ಆರ್ಥರ್ ಫಿಲಿಪ್. ಮೊದಲು ಬಾಟನಿ ಬೇ ಅನ್ನುವ ಕೊಲ್ಲಿಗೆ ಬಂದರು. ಅಲ್ಲಿ ಒಳ್ಳೆಯ ನೀರಿಲ್ಲ, ಗಾಳಿಗೆ ಮರೆಯಿಲ್ಲ ಅಂತ ಸ್ವಲ್ಪ ಉತ್ತರಕ್ಕೆ ಹೋಗಿ, 1788ರ ಜನವರಿ 26ರಂದು ಸಿಡ್ನಿ ಕೋವ್‌ನಲ್ಲಿ ಬ್ರಿಟಿಷ್ ಬಾವುಟ ಹಾರಿಸಿದರು.

ಅಲ್ಲಿಂದ 1868ರವರೆಗೆ ಸುಮಾರು 1,60,000 ಕೈದಿಗಳು ಬಂದರು. ಬಟ್ಟೆಯೋ ತಿಂಡಿಯೋ ಕದ್ದು 7 ವರ್ಷ ಶಿಕ್ಷೆ ಪಡೆದ ಬಡವರು ಅವರಲ್ಲಿ ತುಂಬಾ ಇದ್ದರು. ಅವರ ಮೊಮ್ಮಕ್ಕಳ ಕಾಲದಲ್ಲಿ ಈ ಮೂಲವನ್ನು ಮುಚ್ಚಿಡುತ್ತಿದ್ದರು. ಕೈದಿಗಳ ದ್ವೀಪ ಎಂದೇ ಕುಖ್ಯಾತವಾಗಿದ್ದ ವ್ಯಾನ್ ಡೀಮನ್ಸ್ ಲ್ಯಾಂಡ್ 1856ರಲ್ಲಿ ಟಾಸ್ಮೇನಿಯಾ ಆಯಿತು. ಈಗ ಕಾಲ ಬದಲಾಗಿದೆ. ವಂಶವೃಕ್ಷ ಹುಡುಕುವಾಗ ಒಬ್ಬ ಕೈದಿ ಸಿಕ್ಕಿದರೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಬ್ರಿಟಿಷರು ಬಂದಾಗ ಆ ನೆಲ ಖಾಲಿ ಇರಲಿಲ್ಲ. ಕನಿಷ್ಠ 50,000 ವರ್ಷಗಳಿಂದ ಅಲ್ಲಿ ಜನ ಬಾಳುತ್ತಿದ್ದರು. 250ಕ್ಕೂ ಹೆಚ್ಚು ಭಾಷೆಗಳಿದ್ದವು. ಸಿಡ್ನಿ ಇರುವ ಜಾಗ ಗ್ಯಾಡಿಗಲ್ ಜನರ ನೆಲ, ಮೆಲ್ಬರ್ನ್ ಇರುವುದು ಕೂಲಿನ್ ಜನರ ನೆಲದಲ್ಲಿ. ಇವರನ್ನು ಒಟ್ಟಾಗಿ ಅಬಾರಿಜಿನಲ್ ಜನ ಅಂತಾರೆ. ಉತ್ತರದ ಟಾರೆಸ್ ಸ್ಟ್ರೇಟ್ ದ್ವೀಪಗಳ ಜನರದ್ದು ಬೇರೆಯೇ ಸಂಸ್ಕೃತಿ. ಹಡಗುಗಳು ಬಂದ ಮರುವರ್ಷವೇ, 1789ರಲ್ಲಿ, ಸಿಡ್ನಿ ಸುತ್ತ ಸಿಡುಬು ಬಂದು ಅಪಾರ ಸಾವಾಯಿತು. ಆಮೇಲೆ ನೆಲ ಹೋಯಿತು, ಹತ್ಯಾಕಾಂಡಗಳು ನಡೆದವು. 1838ರಲ್ಲಿ ಮಯಾಲ್ ಕ್ರೀಕ್‌ನಲ್ಲಿ ಕನಿಷ್ಠ 28 ಜನರನ್ನು ಕೊಂದರು. ಆ ಕೊಲೆಗೆ ಏಳು ಬಿಳಿಯರಿಗೆ ಗಲ್ಲಾಯಿತು. ಅಂಥ ಶಿಕ್ಷೆ ಆಗಿದ್ದೇ ಅಪರೂಪ.

ಹಾಗಾಗಿ ಒಂದೇ ತಾರೀಖು ಒಬ್ಬರಿಗೆ ದೇಶ ಶುರುವಾದ ದಿನ, ಇನ್ನೊಬ್ಬರಿಗೆ ನೆಲ ಕಳೆದುಕೊಂಡ ದಿನ.

'ಫೇರ್ ಗೋ' ಅಂದರೇನು?

ಆಸ್ಟ್ರೇಲಿಯಾದಲ್ಲಿ ಯಾರನ್ನೇ ಕೇಳಿ, ನಿಮ್ಮ ದೇಶದ ಗುಣ ಏನು ಅಂದರೆ 'ಫೇರ್ ಗೋ' ಅನ್ನುವ ಮಾತು ಬಂದೇ ಬರುತ್ತದೆ. ಎಲ್ಲರಿಗೂ ಸಮನಾದ ಅವಕಾಶ ಸಿಗಬೇಕು, ಹುಟ್ಟಿನ ಮೇಲೆ ಯಾರನ್ನೂ ಅಳೆಯಬಾರದು ಅನ್ನುವುದು ಇದರ ತಿರುಳು. ಇದರ ಜೊತೆಗೇ ಬರುವುದು 'ಮೇಟ್‌ಶಿಪ್', ಅಂದರೆ ಕಷ್ಟದಲ್ಲಿ ಜೊತೆ ಬಿಡದ ಗೆಳೆತನ.

ಇದನ್ನು ಬರೀ ಬಾಯಿಮಾತು ಅನ್ನುವ ಹಾಗಿಲ್ಲ. 1856ರಲ್ಲಿ ಮೆಲ್ಬರ್ನಿನ ಕಲ್ಲುಕುಟಿಗರು ಕೆಲಸ ನಿಲ್ಲಿಸಿ, ದಿನಕ್ಕೆ 8 ಗಂಟೆ ದುಡಿಮೆಯ ನಿಯಮ ಗೆದ್ದುಕೊಂಡರು. ಜಗತ್ತಿನಲ್ಲೇ ಇದು ತೀರಾ ಮುಂಚಿನದು. 1907ರಲ್ಲಿ ನ್ಯಾಯಮೂರ್ತಿ ಹಿಗಿನ್ಸ್ ಒಂದು ತೀರ್ಪು ಕೊಟ್ಟರು. ಗಂಡ, ಹೆಂಡತಿ, ಮೂರು ಮಕ್ಕಳ ಸಂಸಾರ ನೆಮ್ಮದಿಯಾಗಿ ಬದುಕೋಕೆ ಎಷ್ಟು ಬೇಕೋ ಅಷ್ಟು ಕೂಲಿ ಕೊಡಲೇಬೇಕು ಅಂತ ಲೆಕ್ಕ ಹಾಕಿ ದಿನಕ್ಕೆ 7 ಶಿಲಿಂಗ್ ನಿಗದಿ ಮಾಡಿದರು. ಮಾಲೀಕನಿಗೆ ಎಷ್ಟು ಲಾಭ ಅಂತ ನೋಡದೆ ಕೆಲಸಗಾರನ ಅಡುಗೆಮನೆ ನೋಡಿ ಕೂಲಿ ಕಟ್ಟಿದ ತೀರ್ಪು ಅದು.

ದಿನನಿತ್ಯದ ನಡವಳಿಕೆಯಲ್ಲೂ ಇದು ಕಾಣುತ್ತದೆ. ಬಾಸ್‌ನನ್ನು ಹೆಸರು ಹಿಡಿದೇ ಕರೀತಾರೆ. ಒಬ್ಬರೇ ಟ್ಯಾಕ್ಸಿ ಹತ್ತಿದರೆ ಡ್ರೈವರ್ ಪಕ್ಕದಲ್ಲಿ ಕೂರುವುದು ಹಳೆಯ ರೂಢಿ. ಹಿಂದೆ ಕೂತರೆ ದೊಡ್ಡಸ್ತಿಕೆ ತೋರಿಸಿದ ಹಾಗೆ. ತನ್ನನ್ನು ತಾನು ಹೊಗಳಿಕೊಳ್ಳುವವರನ್ನು ಕಂಡರೆ ಅಲ್ಲಿನವರಿಗೆ ಆಗಲ್ಲ. ಹೊಸದಾಗಿ ಹೋದ ನಮ್ಮವರಿಗೆ ಸಂದರ್ಶನಗಳಲ್ಲಿ ಇದು ಗೊಂದಲ ತರುತ್ತದೆ. ಎಷ್ಟು ಹೇಳಿಕೊಳ್ಳಬೇಕು, ಎಲ್ಲಿ ನಿಲ್ಲಿಸಬೇಕು ಗೊತ್ತಾಗುವುದಿಲ್ಲ.

ಮತದಾನ ನೋಡಿದರಂತೂ ಚೆನ್ನಾಗಿ ಅರ್ಥವಾಗುತ್ತದೆ. 1924ರಿಂದ ಅಲ್ಲಿ ರಾಷ್ಟ್ರೀಯ ಚುನಾವಣೆಗಳಲ್ಲಿ ಮತ ಹಾಕುವುದು ಕಡ್ಡಾಯ. ಸರಿಯಾದ ಕಾರಣವಿಲ್ಲದೆ ತಪ್ಪಿಸಿಕೊಂಡರೆ 20 ಡಾಲರ್ ದಂಡ. ಚುನಾವಣೆ ಶನಿವಾರ ನಡೆಯುತ್ತದೆ, ಹೆಚ್ಚಾಗಿ ಊರ ಶಾಲೆಯಲ್ಲೇ ಮತಗಟ್ಟೆ. ಗೇಟಿನ ಹತ್ತಿರ ಶಾಲೆಯ ಪೋಷಕರು ಕಾವಲಿ ಹಚ್ಚಿ ಸಾಸೇಜ್ ಅನ್ನುವ ಮಾಂಸದ ತಿನಿಸು ಸುಡುತ್ತಾರೆ. ಒಂದು ಬ್ರೆಡ್ ತುಂಡಿನೊಳಗೆ ಸಾಸೇಜ್, ಮೇಲೆ ಹುರಿದ ಈರುಳ್ಳಿ, ಸಾಸ್. ಪಕ್ಕದ ಮೇಜಿನ ಮೇಲೆ ಮನೆಯಲ್ಲಿ ಮಾಡಿದ ಕೇಕು. ಬಂದ ದುಡ್ಡು ಶಾಲೆಗೆ. ಡಾಕ್ಟರು, ಪ್ಲಂಬರು, ಮಂತ್ರಿ ಎಲ್ಲರೂ ಅದೇ ಸಾಲಿನಲ್ಲಿ ನಿಂತು ಕೊಳ್ಳುತ್ತಾರೆ. ಇದಕ್ಕೆ 'ಡೆಮಾಕ್ರಸಿ ಸಾಸೇಜ್' ಅಂತಾನೇ ಹೆಸರು.

ಆದರೆ ಎಲೆ ಹಾಕಿದ್ದು ಯಾರಿಗೆ?

ನಮ್ಮ ಪಂಕ್ತಿ ಊಟ ನೆನಪು ಮಾಡಿಕೊಳ್ಳಿ. ಎಲೆ ಮುಂದೆ ಕೂತ ಮೇಲೆ ಸಾಹುಕಾರನಿಗೂ ಕೂಲಿಯವನಿಗೂ ಅದೇ ಸಾರು, ಅದೇ ಪಾಯಸ. ಬಡಿಸುವುದರಲ್ಲಿ ಭೇದವಿಲ್ಲ. ಆದರೆ ಆ ಪಂಕ್ತಿಯಲ್ಲಿ ಕೂರೋಕೆ ಯಾರನ್ನು ಬಿಟ್ಟರು, ಯಾರನ್ನು ಅಂಗಳದಲ್ಲೇ ನಿಲ್ಲಿಸಿದರು ಅನ್ನುವುದು ಬೇರೆಯೇ ಪ್ರಶ್ನೆ. ಆಸ್ಟ್ರೇಲಿಯಾದ 'ಫೇರ್ ಗೋ' ಕೂಡ ಹೀಗೆಯೇ ಇತ್ತು. ಒಳಗೆ ಕೂತವರಿಗೆ ನಿಜವಾದ ಸಮಾನತೆ. ಹೊರಗೆ ನಿಂತವರ ಲೆಕ್ಕವೇ ಇಲ್ಲ. ನನಗೆ ಆ ದೇಶದ ಇಡೀ ಇತಿಹಾಸವನ್ನು ಈ ದಾರಿಯಲ್ಲಿ ನೋಡಿದಾಗಲೇ ಸ್ಪಷ್ಟವಾಗಿ ಕಂಡಿದ್ದು.

1901ರ ಜನವರಿ 1ರಂದು ಆರು ಬ್ರಿಟಿಷ್ ವಸಾಹತುಗಳು ಸೇರಿ ಒಂದು ದೇಶವಾದವು. ಅದಕ್ಕೆ ಮುಂಚೆ ಆಸ್ಟ್ರೇಲಿಯಾ ಅನ್ನುವ ರಾಷ್ಟ್ರವೇ ಇರಲಿಲ್ಲ. ಹೊಸ ಸಂಸತ್ತು ಮಾಡಿದ ಮೊದಮೊದಲ ಕಾನೂನುಗಳಲ್ಲಿ ಒಂದು ವಲಸೆ ನಿರ್ಬಂಧ ಕಾಯ್ದೆ. ಬಿಳಿಯರಲ್ಲದವರನ್ನು ದೂರ ಇಡುವುದು ಅದರ ಗುರಿ. ಆದರೆ ಕಾನೂನಿನಲ್ಲಿ ಬಣ್ಣದ ಮಾತೇ ಇರಲಿಲ್ಲ. ಬದಲಿಗೆ ಒಂದು ಉಕ್ತಲೇಖನ ಪರೀಕ್ಷೆ ಇಟ್ಟರು. ಅಧಿಕಾರಿ ಯೂರೋಪಿನ ಯಾವುದಾದರೂ ಭಾಷೆಯಲ್ಲಿ 50 ಪದ ಓದುತ್ತಾನೆ, ಬಂದವರು ತಪ್ಪಿಲ್ಲದೆ ಬರೆಯಬೇಕು. ಯಾವ ಭಾಷೆ ಅನ್ನುವುದು ಅಧಿಕಾರಿಯ ಇಷ್ಟ. ಇಂಗ್ಲಿಷ್ ಬರುತ್ತದೆ ಅಂತ ಗೊತ್ತಾದರೆ ಬೇರೆ ಭಾಷೆಯಲ್ಲಿ ಓದಿದರೆ ಆಯ್ತು, ಅಲ್ವಾ?

ಬೇಡವಾದ ಬಿಳಿಯರ ಮೇಲೂ ಇದನ್ನು ಬಳಸಿದರು. 1934ರಲ್ಲಿ ಪ್ರಾಗ್‌ನ ಎಡಪಂಥೀಯ ಪತ್ರಕರ್ತ ಎಗೊನ್ ಕಿಶ್ ಬಂದಾಗ, ಅವರಿಗೆ ಹಲವು ಭಾಷೆ ಗೊತ್ತಿದೆ ಅಂತ ಸ್ಕಾಟಿಷ್ ಗೇಲಿಕ್ ಭಾಷೆಯಲ್ಲಿ ಪರೀಕ್ಷೆ ಕೊಟ್ಟರು. ಪ್ರಕರಣ ಹೈಕೋರ್ಟಿಗೆ ಹೋಯಿತು. ಅಲ್ಲಿ ಹೈಕೋರ್ಟ್ ಅಂದರೆ ದೇಶದ ಅತಿ ದೊಡ್ಡ ನ್ಯಾಯಾಲಯ. ಆ ಕಾಯ್ದೆಯ ಅರ್ಥದಲ್ಲಿ ಗೇಲಿಕ್ ಯೂರೋಪಿನ ಭಾಷೆ ಅಲ್ಲ ಅಂತ ಕೋರ್ಟು ತೀರ್ಪು ಕೊಟ್ಟಿತು. ಈ ಪರೀಕ್ಷೆ 1958ರವರೆಗೂ ಇತ್ತು.

1902ರಲ್ಲಿ ಹೆಂಗಸರಿಗೆ ರಾಷ್ಟ್ರೀಯ ಚುನಾವಣೆಯಲ್ಲಿ ಮತದ ಹಕ್ಕು ಸಿಕ್ಕಿತು. ಬ್ರಿಟನ್ನಿಗಿಂತ ಎಷ್ಟೋ ಮುಂಚೆ. ಆದರೆ ಅದೇ ಕಾಯ್ದೆ ಬಹುಪಾಲು ಅಬಾರಿಜಿನಲ್ ಜನರನ್ನೂ ಏಷ್ಯಾದವರನ್ನೂ ಹೊರಗಿಟ್ಟಿತು. ಅಲ್ಲಿದ್ದ ಬ್ರಿಟಿಷ್ ಭಾರತದವರಿಗೆ ಈ ಹಕ್ಕು ಸಿಕ್ಕಿದ್ದು 1925ರಲ್ಲಿ. ಎಲ್ಲ ಅಬಾರಿಜಿನಲ್ ಜನರಿಗೆ ಸಿಕ್ಕಿದ್ದು 1962ರಲ್ಲಿ.

ಭಾರತದ ಕಡೆಯವರು ಆಗಲೂ ಅಲ್ಲಿದ್ದರು. 1860ರ ದಶಕದಿಂದ ಮರುಭೂಮಿಯಲ್ಲಿ ಒಂಟೆ ನಡೆಸಿ ಸಾಮಾನು ಸಾಗಿಸಿದವರನ್ನು 'ಅಫ್ಘಾನರು' ಅಂತ ಕರೆದರೂ, ಅವರಲ್ಲಿ ಎಷ್ಟೋ ಜನ ಆಗಿನ ಬ್ರಿಟಿಷ್ ಭಾರತದವರು. ಅಡಿಲೇಡ್‌ನಿಂದ ಡಾರ್ವಿನ್‌ಗೆ ಹೋಗುವ 'ಘಾನ್' ರೈಲಿಗೆ ಅವರದೇ ಹೆಸರು.

ಏಪ್ರಿಲ್ 25ರ ಬೆಳಗಿನ ಜಾವ

ಆಸ್ಟ್ರೇಲಿಯಾದ ನಿಜವಾದ ರಾಷ್ಟ್ರೀಯ ದಿನ ಯಾವುದು ಅಂತ ಕೇಳಿದರೆ, ಜನವರಿ 26 ಬಿಟ್ಟು ಏಪ್ರಿಲ್ 25 ಅನ್ನುವವರು ತುಂಬಾ ಜನ. ಅದು 'ಆನ್ಜಾಕ್ ಡೇ'. ಆನ್ಜಾಕ್ ಅಂದರೆ ಮೊದಲ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೈನಿಕರ ಜಂಟಿ ಪಡೆ. 1915ರ ಏಪ್ರಿಲ್ 25ರ ಬೆಳಗಿನ ಜಾವ ಅವರು ಟರ್ಕಿಯ ಗಲಿಪೊಲಿ ತೀರದಲ್ಲಿ ಇಳಿದರು. ಎಂಟು ತಿಂಗಳು ಹೋರಾಡಿ, ಸೋತು, ಡಿಸೆಂಬರ್‌ನಲ್ಲಿ ವಾಪಸ್ ಬಂದರು. 8,000ಕ್ಕೂ ಹೆಚ್ಚು ಆಸ್ಟ್ರೇಲಿಯನ್ನರು ಸತ್ತರು. ಒಂದು ದೇಶವಾಗಿ ಆಗಿನ್ನೂ 14 ವರ್ಷ. ಪ್ರತಿ ಊರಿನಲ್ಲೂ ಸತ್ತವರ ಹೆಸರು ಕೆತ್ತಿದ ಕಲ್ಲುಗಳು ಎದ್ದವು. ಇವತ್ತಿಗೂ ಆ ದಿನ ಸೂರ್ಯ ಹುಟ್ಟುವ ಮೊದಲೇ ಆ ಕಲ್ಲುಗಳ ಮುಂದೆ ಜನ ಮಕ್ಕಳ ಕೈ ಹಿಡಿದು ಸುಮ್ಮನೆ ನಿಲ್ಲುತ್ತಾರೆ. ಕಹಳೆ ಊದುತ್ತಾರೆ, ಒಂದು ನಿಮಿಷ ಮೌನ.

ಗೆದ್ದ ಯುದ್ಧ ಬಿಟ್ಟು ಸೋತ ಯುದ್ಧವನ್ನು ಯಾಕೆ ಇಷ್ಟು ಹಚ್ಚಿಕೊಂಡರು? ಅಲ್ಲಿ ಗೆಲುವಿಗಿಂತ ಜೊತೆಗಾರನನ್ನು ಬಿಡದಿರುವುದಕ್ಕೆ ಬೆಲೆ. ಗಾಯಗೊಂಡವರನ್ನು ಕತ್ತೆಯ ಮೇಲೆ ಕೂರಿಸಿಕೊಂಡು ಗುಂಡಿನ ಮಳೆಯಲ್ಲೇ ಇಳಿಸುತ್ತಿದ್ದ ಸಿಂಪ್ಸನ್ ಅನ್ನುವ ಸೈನಿಕ ಅಲ್ಲಿನ ಮಕ್ಕಳಿಗೆಲ್ಲ ಗೊತ್ತು. ಆತ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಗಲಿಪೊಲಿಯಲ್ಲಿ ಉಳಿದುಕೊಂಡಿದ್ದು, ಉಂಡದ್ದು ಭಾರತೀಯ ಸೈನಿಕರ ಬಿಡಾರದಲ್ಲಿ. ಅಲ್ಲಿ ಹೇಸರಗತ್ತೆಗಳ ಮೇಲೆ ನೀರು, ಮದ್ದುಗುಂಡು ಹೊರಿಸಿ ಬೆಟ್ಟ ಹತ್ತಿಸುತ್ತಿದ್ದವರು ನಮ್ಮವರು. ಗಲಿಪೊಲಿಯಲ್ಲಿ ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು ಪ್ರಾಣ ಬಿಟ್ಟರು.

ಕರ್ನಾಟಕದ ನಂಟೂ ಇದೆ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲ್‌ನಲ್ಲಿರುವ ಹೈಫಾ ನಗರವನ್ನು ಜೋಧಪುರದ ಕುದುರೆಪಡೆಯ ಜೊತೆ ಸೇರಿ ಗೆದ್ದ ಮೈಸೂರಿನ ಕುದುರೆಪಡೆ ಮೈಸೂರು ಲ್ಯಾನ್ಸರ್ಸ್ ಇದ್ದದ್ದು ಡೆಸರ್ಟ್ ಮೌಂಟೆಡ್ ಕೋರ್ ಅನ್ನುವ ದೊಡ್ಡ ಸೇನಾ ದಳದಲ್ಲಿ. ಅದರ ದಂಡನಾಯಕ ಆಸ್ಟ್ರೇಲಿಯಾದ ಹ್ಯಾರಿ ಶೋವೆಲ್. ಆ ಮೈಸೂರು ಸೈನಿಕರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. 2011ರಲ್ಲಿ ರಾಹುಲ್ ದ್ರಾವಿಡ್ ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿ ಬ್ರಾಡ್ಮನ್ ಉಪನ್ಯಾಸ ಕೊಟ್ಟರು. ಕ್ರಿಕೆಟ್ ಮೈದಾನದಲ್ಲಿ ಎದುರಾಳಿಗಳಾಗುವ ಮುಂಚೆ ಈ ಎರಡು ದೇಶಗಳ ಸೈನಿಕರು ಒಟ್ಟಿಗೆ ಹೋರಾಡಿದ್ದನ್ನು ಅಲ್ಲಿ ನೆನೆದರು. ಆ ಜಾಗದಲ್ಲಿ ಆ ಮಾತು ಆಡಬೇಕಾದದ್ದೇ.

ಬಾಗಿಲು ತೆರೆದದ್ದು ಹೇಗೆ?

ಎರಡನೇ ಮಹಾಯುದ್ಧದಲ್ಲಿ ಜಪಾನ್ ಡಾರ್ವಿನ್ ಮೇಲೆ ಬಾಂಬ್ ಹಾಕಿತು. ಇಷ್ಟು ದೊಡ್ಡ ನೆಲಕ್ಕೆ ಇಷ್ಟೇ ಜನ ಸಾಲದು ಅನ್ನುವ ಭಯ ಹುಟ್ಟಿತು. ಯುದ್ಧ ಮುಗಿದ ಮೇಲೆ ಬ್ರಿಟನ್ನಿನಿಂದ, ಆಮೇಲೆ ಇಟಲಿ, ಗ್ರೀಸ್, ಪೂರ್ವ ಯೂರೋಪಿನಿಂದ ಜನರನ್ನು ಕರೆಸಿದರು. 1949ರಲ್ಲಿ ಶುರುವಾದ ಸ್ನೋಯಿ ಪರ್ವತದ ಜಲವಿದ್ಯುತ್ ಯೋಜನೆಯಲ್ಲಿ 30ಕ್ಕೂ ಹೆಚ್ಚು ದೇಶಗಳಿಂದ ಬಂದವರು ದುಡಿದರು. ಸುರಂಗದೊಳಗೆ ಒಟ್ಟಿಗೆ ಕೆಲಸ ಮಾಡಿದವರ ಮಕ್ಕಳು ಒಂದೇ ಶಾಲೆಗೆ ಹೋದರು. ಇವತ್ತು ಮೆಲ್ಬರ್ನಿನವರು ಜಂಬ ಪಡುವ ಕಾಫಿಯ ಹಿಂದೆ ಆ ಇಟಲಿಯವರ ಕೈ ಇದೆ.

ಬಣ್ಣದ ಗೋಡೆ 1966ರಿಂದ ಸಡಿಲವಾಯಿತು. 1973ರಲ್ಲಿ ಪ್ರಧಾನಿ ವಿಟ್ಲಮ್ ಅವರ ಸರ್ಕಾರ ಅದನ್ನು ಪೂರ್ತಿ ಕೆಡವಿತು. ವಿಯೆಟ್ನಾಂ ಯುದ್ಧದ ನಿರಾಶ್ರಿತರು ಬಂದರು, ಆಮೇಲೆ ಚೀನಾದವರು, ಭಾರತೀಯರು. 2021ರ ಜನಗಣತಿ ಪ್ರಕಾರ ಅಲ್ಲಿನ ಸುಮಾರು ಅರ್ಧದಷ್ಟು ಜನರ ತಂದೆಯೋ ತಾಯಿಯೋ ಹೊರದೇಶದಲ್ಲಿ ಹುಟ್ಟಿದವರು. ಹೊರಗೆ ಹುಟ್ಟಿದವರ ಪಟ್ಟಿಯಲ್ಲಿ ಇಂಗ್ಲೆಂಡ್ ಮೊದಲು, ಭಾರತ ಎರಡನೆಯದು, ಸುಮಾರು 6,73,000 ಜನ.

2025ರ ಮೆರವಣಿಗೆಯನ್ನು ಈ ಸಾಲಿನಲ್ಲಿಟ್ಟು ನೋಡಬೇಕು. ಮನೆ ಬಾಡಿಗೆ, ಮನೆ ಬೆಲೆ ಕೈಗೆ ಸಿಗದಷ್ಟು ಏರಿದಾಗ ಹೊಸದಾಗಿ ಬಂದವರ ಮೇಲೆ ಸಿಟ್ಟು ತಿರುಗುವುದು ಅಲ್ಲಿ ಮೊದಲಲ್ಲ. ಚಿನ್ನದ ಗಣಿಗಳ ಕಾಲದಲ್ಲಿ ಚೀನೀಯರ ಮೇಲೆ ತಿರುಗಿತ್ತು. ಆಮೇಲೆ ಇಟಲಿಯವರು, ಗ್ರೀಕರು, ವಿಯೆಟ್ನಾಮೀಯರು ಎಲ್ಲರೂ ಬೈಸಿಕೊಂಡವರೇ. ಅವರ ಮೊಮ್ಮಕ್ಕಳು ಈಗ ಆಸ್ಟ್ರೇಲಿಯನ್ನರಲ್ಲ ಅನ್ನುವವರು ಕಡಿಮೆ.

ಮೊದಲಿನಿಂದ ಇದ್ದವರ ಕಥೆ

ಹೊರಗಿನಿಂದ ಬಂದವರಿಗೆ ಪಂಕ್ತಿಯಲ್ಲಿ ಜಾಗ ಸಿಕ್ಕಿತು. ಮೊದಲಿನಿಂದ ಇದ್ದವರಿಗೆ? ಇಲ್ಲಿ ಎಡ್ಡಿ ಮಾಬೋ ಅವರ ಕಥೆ ಹೇಳಲೇಬೇಕು.

ಮಾಬೋ ಟಾರೆಸ್ ಸ್ಟ್ರೇಟ್‌ನ ಮೇರ್ ಅನ್ನುವ ಪುಟ್ಟ ದ್ವೀಪದವರು. ಟೌನ್ಸ್‌ವಿಲ್‌ನ ವಿಶ್ವವಿದ್ಯಾಲಯವೊಂದರಲ್ಲಿ ತೋಟದ ಕೆಲಸ ಮಾಡುತ್ತಿದ್ದರು. ಅಲ್ಲಿನ ಇತಿಹಾಸ ಮೇಷ್ಟ್ರುಗಳ ಜೊತೆ ಮಾತಾಡುವಾಗ ಊರಿನಲ್ಲಿರುವ ತಮ್ಮ ಜಮೀನಿನ ಮಾತು ತೆಗೆದರು. ಕಾನೂನಿನ ಪ್ರಕಾರ ಆ ಜಮೀನು ಸರ್ಕಾರದ್ದು ಅಂತ ಅವರು ಹೇಳಿದಾಗ ಮಾಬೋಗೆ ನಂಬಲಾಗಲಿಲ್ಲ. ಅಪ್ಪ ಅಜ್ಜನ ಕಾಲದಿಂದ ಯಾರ ತೋಟ ಎಲ್ಲಿಂದ ಎಲ್ಲಿಗೆ ಅಂತ ಮೇರ್ ದ್ವೀಪದಲ್ಲಿ ಪ್ರತಿ ಮನೆಯವರಿಗೂ ಗೊತ್ತು. ಕಾಗದಪತ್ರ ಇರಲಿಲ್ಲ, ಅಷ್ಟೇ. ಬ್ರಿಟಿಷರು ಬಂದಾಗ ಈ ನೆಲಕ್ಕೆ ಯಾರೂ ಒಡೆಯರಿರಲಿಲ್ಲ ಅನ್ನುವ ನಂಬಿಕೆಯ ಮೇಲೆ ಕಾನೂನು ನಿಂತಿತ್ತು. ಇದನ್ನೇ 'ಟೆರಾ ನಲಿಯಸ್' ಅಂತಾರೆ, ಯಾರಿಗೂ ಸೇರದ ನೆಲ ಅಂತ ಅರ್ಥ.

1982ರಲ್ಲಿ ಮಾಬೋ ಮತ್ತು ಅವರ ಊರಿನವರು ಕೋರ್ಟಿಗೆ ಹೋದರು. ಹತ್ತು ವರ್ಷ ನಡೆಯಿತು. 1992ರ ಜೂನ್ 3ರಂದು ಹೈಕೋರ್ಟ್ ಆ ನಂಬಿಕೆಯನ್ನು ತಳ್ಳಿಹಾಕಿತು. ಬ್ರಿಟಿಷರು ಬರುವ ಮುಂಚಿನ ಭೂಮಿಯ ಹಕ್ಕು ಉಳಿದಿರಬಹುದು ಅಂತ ಒಪ್ಪಿತು. ಮಾಬೋ ಆ ತೀರ್ಪು ಕೇಳಲಿಲ್ಲ. ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು.

1967ರ ಜನಮತಗಣನೆಯಲ್ಲಿ ಶೇಕಡಾ 90ಕ್ಕೂ ಹೆಚ್ಚು ಜನ ಹೌದು ಅಂದಿದ್ದರಿಂದ ಅಬಾರಿಜಿನಲ್ ಜನರನ್ನು ದೇಶದ ಜನಸಂಖ್ಯೆಯ ಲೆಕ್ಕಕ್ಕೆ ಪೂರ್ತಿಯಾಗಿ ಸೇರಿಸಿದರು. ಸರ್ಕಾರಗಳೇ ದಶಕಗಟ್ಟಲೆ ಅವರ ಮಕ್ಕಳನ್ನು ತಾಯಂದಿರಿಂದ ಕಿತ್ತು ಬೇರೆಡೆ ಬೆಳೆಸಿದ್ದಕ್ಕೆ 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

2023ರ ಅಕ್ಟೋಬರ್ 14ರಂದು ಇನ್ನೊಂದು ಜನಮತಗಣನೆ ನಡೆಯಿತು. ಮೂಲನಿವಾಸಿಗಳ ವಿಷಯದಲ್ಲಿ ಸಂಸತ್ತಿಗೆ ಸಲಹೆ ಕೊಡುವ 'ವಾಯ್ಸ್' ಎಂಬ ಮಂಡಳಿಯನ್ನು ಸಂವಿಧಾನಕ್ಕೆ ಸೇರಿಸಬೇಕೇ ಅಂತ. ಸುಮಾರು ಶೇಕಡಾ 60 ಜನ ಬೇಡ ಅಂದರು. ಜನಾಂಗದ ಮೇಲೆ ದೇಶ ಒಡೆಯುತ್ತದೆ ಅಂದವರಿದ್ದರು, ವಿವರ ಸಾಲದು ಅಂದವರಿದ್ದರು. ಬರೀ ಸಲಹೆಯಿಂದ ಏನೂ ಆಗಲ್ಲ, ಒಪ್ಪಂದವೇ ಬೇಕು ಅಂದ ಅಬಾರಿಜಿನಲ್ ನಾಯಕರೂ ಇದ್ದರು. ಅಲ್ಲಿ ಸಂವಿಧಾನ ತಿದ್ದಬೇಕಾದರೆ ಒಟ್ಟು ಮತದಲ್ಲೂ, ಆರರಲ್ಲಿ ನಾಲ್ಕು ರಾಜ್ಯಗಳಲ್ಲೂ ಬಹುಮತ ಬೇಕು. ಇಲ್ಲಿಯವರೆಗೆ ಮುಂದಿಟ್ಟ 45 ತಿದ್ದುಪಡಿಗಳಲ್ಲಿ ಗೆದ್ದದ್ದು 8 ಮಾತ್ರ. ಬ್ರಿಟಿಷ್ ರಾಜಮನೆತನವನ್ನು ಬಿಟ್ಟು ಗಣರಾಜ್ಯವಾಗುವ ಪ್ರಸ್ತಾಪವೂ 1999ರಲ್ಲಿ ಹೀಗೆಯೇ ಬಿದ್ದುಹೋಯಿತು. ಹಾಗಾಗಿ ಇವತ್ತಿಗೂ ಅವರ ರಾಷ್ಟ್ರದ ಮುಖ್ಯಸ್ಥ ಲಂಡನ್ನಿನಲ್ಲಿರುವ ರಾಜನೇ.

ಹಾಗಾದರೆ ಜನವರಿ 26ರ ಗತಿ?

1938ರ ಜನವರಿ 26ಕ್ಕೆ 150 ವರ್ಷ ತುಂಬಿದ ಸಂಭ್ರಮ ನಡೆಯುವಾಗಲೇ ವಿಲಿಯಂ ಕೂಪರ್, ಜ್ಯಾಕ್ ಪ್ಯಾಟನ್, ವಿಲಿಯಂ ಫರ್ಗುಸನ್ ಮುಂತಾದ ಅಬಾರಿಜಿನಲ್ ನಾಯಕರು ಸಿಡ್ನಿಯಲ್ಲಿ 'ಶೋಕದ ದಿನ' ಆಚರಿಸಿದ್ದರು. ಅಂದರೆ ಈ ವಿರೋಧ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ. ಎಲ್ಲ ರಾಜ್ಯಗಳೂ ಸರಿಯಾಗಿ 26ರಂದೇ ರಜೆ ಕೊಡಲು ಶುರು ಮಾಡಿದ್ದು 1994ರಿಂದ. ಅದಕ್ಕೂ ಮುಂಚೆ ಹತ್ತಿರದ ಸೋಮವಾರಕ್ಕೆ ರಜೆ ಕೊಡುವುದೇ ಹೆಚ್ಚಾಗಿತ್ತು.

ಈಗ ಆ ದಿನ ಒಂದು ಕಡೆ ಕಡಲತೀರದಲ್ಲಿ ಕಾವಲಿ ಹಚ್ಚಿ ಮಾಂಸ ಸುಟ್ಟು, ಕ್ರಿಕೆಟ್ ಆಡಿ ಹಬ್ಬ ಮಾಡುತ್ತಾರೆ. ಇನ್ನೊಂದು ಕಡೆ ಕಪ್ಪು, ಕೆಂಪು, ನಡುವೆ ಹಳದಿ ಸೂರ್ಯನಿರುವ ಅಬಾರಿಜಿನಲ್ ಬಾವುಟ ಹಿಡಿದು ಸಾವಿರಾರು ಜನ ಮೆರವಣಿಗೆ ಮಾಡುತ್ತಾರೆ. ದೇಶಕ್ಕೊಂದು ಹಬ್ಬದ ದಿನ ಬೇಕು, ಹಳೆಯದನ್ನು ಕೆದಕುತ್ತಾ ಕೂರಬಾರದು ಅನ್ನುವುದು ಒಂದು ವಾದ. ಹಬ್ಬ ಇರಲಿ, ಬೇರೆ ದಿನ ಮಾಡೋಣ ಅನ್ನುವುದು ಇನ್ನೊಂದು. ಆ ದಿನ ಹಬ್ಬವೇ ಬೇಡ ಅನ್ನುವವರೂ ಇದ್ದಾರೆ. ದೇಶ ಹುಟ್ಟಿದ ಜನವರಿ 1ನ್ನೇ ಇಟ್ಟುಕೊಳ್ಳಬಹುದಲ್ಲ ಅಂದರೆ, ಅದು ಹೊಸವರ್ಷದ ರಜೆ, ಹಿಂದಿನ ರಾತ್ರಿಯ ಸುಸ್ತು ಬೇರೆ.

ಸಣ್ಣ ಬದಲಾವಣೆಗಳು ಆಗುತ್ತಲೇ ಇವೆ. 2021ರಿಂದ ರಾಷ್ಟ್ರಗೀತೆಯಲ್ಲಿ 'ಎಳೆಯರು, ಸ್ವತಂತ್ರರು' ಅನ್ನುವ ಕಡೆ 'ಒಂದಾದವರು, ಸ್ವತಂತ್ರರು' ಅಂತ ಹಾಡುತ್ತಾರೆ. ಸಾವಿರಾರು ವರ್ಷಗಳಿಂದ ಜನ ಬಾಳಿದ ನೆಲವನ್ನು ಎಳೆಯದು ಅನ್ನುವುದು ಸರಿಯಲ್ಲ ಅಂತ.

ಹೊಸದಾಗಿ ಪೌರರಾಗುವವರಿಗೆ

ಆಸ್ಟ್ರೇಲಿಯಾದ ಪೌರತ್ವ ಅನ್ನುವುದು ಕಾನೂನಿನಲ್ಲಿ ಶುರುವಾದದ್ದೇ 1949ರ ಜನವರಿ 26ರಂದು. ಅದಕ್ಕೇ ಪೌರತ್ವ ಕೊಡುವ ದೊಡ್ಡ ಸಮಾರಂಭಗಳು ಆ ದಿನ ನಡೆಯುವ ರೂಢಿ ಬಂತು. ಈಗ ಸ್ಥಳೀಯ ಕೌನ್ಸಿಲ್‌ಗಳು ಮೂರು ದಿನ ಹಿಂದೆ ಮುಂದೆ ಮಾಡಬಹುದು. ಅದಕ್ಕೆ ಮೊದಲು 20 ಪ್ರಶ್ನೆಗಳ ಪರೀಕ್ಷೆ ಇದೆ. ಅದರಲ್ಲಿ ಆ ದೇಶದ ಮೌಲ್ಯಗಳ ಬಗ್ಗೆ 5 ಪ್ರಶ್ನೆ, ಅವಕ್ಕೆ ಐದೂ ಸರಿ ಉತ್ತರ ಕೊಡಲೇಬೇಕು. ಆಮೇಲೆ ಪ್ರತಿಜ್ಞೆ. ದೇವರ ಹೆಸರು ಸೇರಿಸಿ ಹೇಳಬಹುದು, ಸೇರಿಸದೆಯೂ ಹೇಳಬಹುದು. ಅದರಲ್ಲಿ ರಾಜನ ಹೆಸರಿಲ್ಲ. ನಿಷ್ಠೆ ಆಸ್ಟ್ರೇಲಿಯಾಕ್ಕೆ ಮತ್ತು ಅದರ ಜನರಿಗೆ. ಚರ್ಮದ ಬಣ್ಣ, ಧರ್ಮ, ಮಾತೃಭಾಷೆ ಯಾವುದನ್ನೂ ಅದು ಕೇಳುವುದಿಲ್ಲ.

ಆಸ್ಟ್ರೇಲಿಯಾ ಎರಡು ದೇಶದ ಪೌರತ್ವ ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ಆದ್ದರಿಂದ ನಮ್ಮವರು ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು, ಬೇಕಾದರೆ ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಮಾಡಿಸಿಕೊಳ್ಳಬಹುದು. ಮತದಾರರ ಪಟ್ಟಿಯಲ್ಲಿ ಹೆಸರು ಇರುವುದೂ ಕಡ್ಡಾಯ. ಜನವರಿ 26ರ ತಾರೀಖು ಬದಲಿಸೋಕೆ ಜನಮತಗಣನೆ ಬೇಕಿಲ್ಲ, ಸರ್ಕಾರಗಳು ಕಾನೂನು ತಿದ್ದಿದರೆ ಸಾಕು. ಗಣರಾಜ್ಯದ ಪ್ರಶ್ನೆ ಮತ್ತೆ ಬಂದರೆ ಮಾತ್ರ ಎಲ್ಲರೂ ಮತಗಟ್ಟೆಗೆ ಹೋಗಬೇಕು. ಆಗ ಮೆಲ್ಬರ್ನಿನಲ್ಲೋ ಪರ್ತ್‌ನಲ್ಲೋ ನೆಲೆಸಿ ಅಲ್ಲಿನ ಪೌರರಾದ ಕನ್ನಡಿಗರ ಕೈಗೂ ಅದೇ ಮತಪತ್ರ ಬರುತ್ತದೆ.